ಎಲ್ಲೆ ಕಾದ ಮನೆತನಗಳು

ಮನೆಯ ಹಿರಿಯರು ಒಂದು ಮಾತನ್ನು ಸ್ವಲ್ಪ ಬಿಗಿಯಾಗಿ ಆಡಿದರೆ ಸಾಕು, ಕಾಲೇಜಿಗೆ ಹೋಗುವ ಮಗ “ಇದೇನು ಪಾಳೆಯಗಾರಿಕೆ!” ಎಂದು ಒಳಗೊಳಗೇ ಗೊಣಗುವುದುಂಟು. ಕಚೇರಿಯಲ್ಲಿ ಮೇಲಧಿಕಾರಿ ರಜೆ ಕೊಡದಿದ್ದರೆ ಗುಮಾಸ್ತರ ಬಾಯಲ್ಲಿ ಬರುವುದೂ ಅದೇ ಮಾತು. ಚುನಾವಣೆಯ ಕಾಲದಲ್ಲಂತೂ ಒಂದು ಪಕ್ಷದವರು ಇನ್ನೊಂದು ಪಕ್ಷದವರ ಮೇಲೆ ಎಸೆಯುವ ಕಲ್ಲುಗಳಲ್ಲಿ ಇದು ಮೊದಲನೆಯದು. ಒಟ್ಟಿನಲ್ಲಿ ‘ಪಾಳೆಯಗಾರ’ ಎಂಬುದು ಇಂದು ನಮ್ಮಲ್ಲಿ ಬಿರುದಾಗಿ ಉಳಿದಿಲ್ಲ, ಬೈಗುಳವಾಗಿದೆ.

ಇದೇ ಬಗೆಯ ಕೆಲಸವನ್ನು ಮಾಡುತ್ತಿದ್ದ ಒಡೆಯರು ದೂರದ ಜರ್ಮನಿಯಲ್ಲಿಯೂ ಇದ್ದರು. ಅವರಿಗೆ ಅಲ್ಲಿ ‘ಮಾರ್ಕ್‌ಗ್ರಾಫ್’ ಎಂದು ಹೆಸರು. ‘ಮಾರ್ಕ್’ ಎಂದರೆ ಎಲ್ಲೆ, ಗಡಿನಾಡು; ‘ಗ್ರಾಫ್’ ಎಂದರೆ ಅರಸನ ಪರವಾಗಿ ಒಂದು ಸೀಮೆಯನ್ನು ನೋಡಿಕೊಳ್ಳುವ ಅಧಿಪತಿ. ಗಡಿಯಲ್ಲಿ ದಂಡನ್ನಿಟ್ಟುಕೊಂಡು, ಕೋಟೆ ಕಟ್ಟಿಕೊಂಡು, ಶತ್ರು ಬಂದರೆ ಮೊದಲ ಪೆಟ್ಟನ್ನು ತಾನು ತಿನ್ನುವವನು ಮಾರ್ಕ್‌ಗ್ರಾಫ್. ಆದರೆ ಆ ಹೆಸರಿಗೆ ಅಲ್ಲಿ ಯಾವ ಕಳಂಕವೂ ಅಂಟಲಿಲ್ಲ. ಪಾಶ್ಚಾತ್ಯ ಸಂಗೀತದಲ್ಲಿ ರುಚಿಯುಳ್ಳವರು ಬಾಖ್‌ನ ಬ್ರಾಂಡನ್‌ಬರ್ಗ್ ಕೃತಿಗಳನ್ನು ಕೇಳಿರಬಹುದು. 1721ರಲ್ಲಿ ಆ ಮಹಾನುಭಾವನು ಅವನ್ನು ಅರ್ಪಿಸಿದ್ದು ಬ್ರಾಂಡನ್‌ಬರ್ಗಿನ ಮಾರ್ಕ್‌ಗ್ರಾಫ್ ಮನೆತನದ ಒಬ್ಬ ರಾಜಕುಮಾರನಿಗೆ. ಎಲ್ಲೆ ಕಾಯುವವನ ಹೆಸರು ಅಲ್ಲಿ ಸಂಗೀತದ ಜೊತೆಗೆ ಲೋಕವನ್ನೆಲ್ಲ ಸುತ್ತಿತು. ಇಲ್ಲಿ ಅದೇ ಕೆಲಸದವನ ಹೆಸರು ಜಗಳದ ಮಾತಾಯಿತು. ಇದೇಕೆ ಹೀಗೆ?

ಈ ಪ್ರಶ್ನೆಗೆ ಉತ್ತರ ಹುಡುಕಲು ಜರ್ಮನಿಗೆ ಹೋಗಬೇಕಾಗಿಲ್ಲ. ತುಮಕೂರಿನಲ್ಲಿ ಬೆಳಗಿನ ಕಾಫಿ ಮುಗಿಸಿ ಹೊರಟರೆ ಕೈದಾಳ, ಗುಬ್ಬಿ, ಕಡಬ, ಹಾಗಲವಾಡಿ, ಕುಣಿಗಲು ಎಲ್ಲವೂ ಒಂದೆರಡು ದಿನದ ಸುತ್ತಾಟದಲ್ಲಿ ಮುಗಿಯುತ್ತವೆ. ಸಾವಿರದ ಇನ್ನೂರು ವರ್ಷಗಳ ಎಲ್ಲೆಗಾವಲಿನ ಕಥೆ ಈ ಸಣ್ಣ ವಲಯದಲ್ಲಿಯೇ ಅಡಗಿದೆ.

ಕಥೆಯನ್ನು ಕಡಬದಿಂದಲೇ ಆರಂಭಿಸೋಣ. ಗುಬ್ಬಿ ತಾಲ್ಲೂಕಿನಲ್ಲಿ ಶಿಂಷಾ ಹೊಳೆಯ ದೊಡ್ಡ ಕೆರೆಯಿಂದ ಹೆಸರಾದ ಈ ಊರಿನಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಗೋವಿಂದನ ಹೆಸರಿನ ತಾಮ್ರಶಾಸನವೊಂದು ದೊರೆತಿದೆ. ಅದರ ಕಾಲ ಶಕವರ್ಷ 735. ಎಂದರೆ ಕ್ರಿಸ್ತಶಕ 812–13ರ ಸುಮಾರು. ಅದರಲ್ಲಿ ಬರುವ ಸಂಗತಿ ಬಹಳ ಸ್ವಾರಸ್ಯವಾದದ್ದು. ‘ಕುನುಂಗಿಲ್’ ದೇಶವನ್ನು, ಎಂದರೆ ನಮ್ಮ ಈಗಿನ ಕುಣಿಗಲು ಸೀಮೆಯನ್ನು, ವಿಮಲಾದಿತ್ಯನೆಂಬವನು ಆಳುತ್ತಿದ್ದನು. ಅವನಿಗೆ ಶನಿಯ ಪೀಡೆ. ಅವನ ಸೋದರಮಾವ ಚಾಕಿರಾಜನು ಗಂಗಮಂಡಲದ ಅಧಿಪತಿಯಾಗಿದ್ದವನು. ಆ ಪೀಡೆಯನ್ನು ಅರ್ಕಕೀರ್ತಿ ಎಂಬ ಜೈನಮುನಿಗಳು ಹೋಗಲಾಡಿಸಿದರೆಂದು, ಸೋದರಮಾವನ ಬಿನ್ನಹದಂತೆ ಚಕ್ರವರ್ತಿಯು ಜಾಲಮಂಗಲವೆಂಬ ಗ್ರಾಮವನ್ನು ಆ ಮುನಿಗಳಿಗೆ ದಾನವಾಗಿ ಕೊಟ್ಟನು. ಅಳಿಯನ ಗ್ರಹಚಾರಕ್ಕಾಗಿ ಸೋದರಮಾವ ಓಡಾಡುವುದು ನಮ್ಮ ಮನೆಗಳಲ್ಲಿ ಇಂದಿಗೂ ಕಾಣುವ ದೃಶ್ಯ. ಶನಿದೇವನ ಕಾಟ ಹನ್ನೆರಡು ಶತಮಾನಗಳಷ್ಟು ಹಿಂದೆ ಕುಣಿಗಲಿನ ಒಡೆಯನನ್ನೂ ಬಿಡಲಿಲ್ಲ.

ಆದರೆ ಈ ಶಾಸನದಲ್ಲಿ ಶನಿಯ ಪೀಡೆಗಿಂತ ಗಹನವಾದ ವಿಷಯ ಇನ್ನೊಂದಿದೆ. ವಿಮಲಾದಿತ್ಯನು ಚಾಳುಕ್ಯ ವಂಶದವನು. ಅವನ ಕಾಲಕ್ಕೆ ಸುಮಾರು ಅರವತ್ತು ವರ್ಷ ಮೊದಲು ಬಾದಾಮಿಯ ಚಾಳುಕ್ಯರನ್ನು ಕೆಡವಿ ಸಿಂಹಾಸನವೇರಿದವರು ಇದೇ ರಾಷ್ಟ್ರಕೂಟರು. ಕುಣಿಗಲು ಸೀಮೆಯೋ ಮೂಲತಃ ಗಂಗರ ನಾಡು. ಆ ಗಂಗರನ್ನೂ ಆಗ ರಾಷ್ಟ್ರಕೂಟರು ಅಡಗಿಸಿದ್ದರು. ಹೀಗೆ ಸೋತ ಒಂದು ವಂಶದ ಕುಡಿಯನ್ನು ಸೋತ ಇನ್ನೊಂದು ವಂಶದ ನೆಲದ ಮೇಲೆ ಕೂರಿಸಿ ಗೆದ್ದವನು ನಾಡನ್ನು ಆಳಿಸುತ್ತಿದ್ದನು. ಗಡಿಯ ಒಡೆತನವೆಂಬುದು ಯಾವ ಕಾಲಕ್ಕೂ ಹೀಗೆಯೇ. ಕೊಡುವವನಿಗೆ ಅನುಮಾನ, ಪಡೆಯುವವನಿಗೆ ಅಭಿಮಾನ. ಇವೆರಡರ ನಡುವೆ ಒಂದು ಸನ್ನದು.

ಇಲ್ಲಿ ಒಂದು ಆಶ್ಚರ್ಯದ ಹೊಂದಿಕೆಯನ್ನು ವಾಚಕರ ಗಮನಕ್ಕೆ ತರಬೇಕು. ಕಡಬದ ಶಾಸನವು ಹುಟ್ಟಿದ ಕಾಲದಲ್ಲಿಯೇ ಯೂರೋಪಿನಲ್ಲಿ ಷಾರ್ಲಮೇನ್ ಚಕ್ರವರ್ತಿಯು ತನ್ನ ವಿಸ್ತಾರವಾದ ರಾಜ್ಯದ ಅಂಚಿನಲ್ಲಿ ‘ಮಾರ್ಕ್’ಗಳೆಂಬ ಗಡಿನಾಡುಗಳನ್ನು ಏರ್ಪಡಿಸಿ, ಅವಕ್ಕೆ ಹೆಚ್ಚಿನ ಅಧಿಕಾರವುಳ್ಳ ನಾಯಕರನ್ನು ನೇಮಿಸುತ್ತಿದ್ದನು. ರಾಜಧಾನಿಯಿಂದ ಅಪ್ಪಣೆ ಬರುವವರೆಗೆ ಶತ್ರು ಕಾಯುವುದಿಲ್ಲವಷ್ಟೆ! ಆದುದರಿಂದ ಒಳನಾಡಿನ ಅಧಿಕಾರಿಗಿಲ್ಲದ ಸ್ವಾತಂತ್ರ್ಯವನ್ನು ಗಡಿಯವನಿಗೆ ಕೊಡಲೇಬೇಕಾಯಿತು. ಷಾರ್ಲಮೇನನು ತೀರಿಕೊಂಡದ್ದು 814ರಲ್ಲಿ. ನಮ್ಮ ಗೋವಿಂದನ ಆಳ್ವಿಕೆ ಮುಗಿದು ಅಮೋಘವರ್ಷನು ಪಟ್ಟಕ್ಕೆ ಬಂದದ್ದೂ 814ರಲ್ಲಿಯೇ. ಒಬ್ಬರ ಹೆಸರನ್ನು ಇನ್ನೊಬ್ಬರು ಕೇಳಿರಲಾರದ ಇಬ್ಬರು ಚಕ್ರವರ್ತಿಗಳು ಒಂದೇ ತೊಡಕಿಗೆ ಒಂದೇ ಉಪಾಯವನ್ನು ಕಂಡುಕೊಂಡಿದ್ದರು.

ಭಾಷೆಯೂ ಇದಕ್ಕೆ ಸಾಕ್ಷಿ ಹೇಳುತ್ತದೆ. ‘ಸಾಮಂತ’ ಎಂದರೆ ಕಪ್ಪ ಕೊಡುವ ಸಣ್ಣ ಅರಸು ಎಂದು ನಾವು ತಿಳಿದಿದ್ದೇವೆ. ಆದರೆ ಸಂಸ್ಕೃತದಲ್ಲಿ ಆ ಶಬ್ದದ ಮೊದಲ ಅರ್ಥ ‘ಎಲ್ಲೆಗೆ ಹತ್ತಿದವನು, ನೆರೆಯವನು’ ಎಂದು. ನೆರೆಯ ಅರಸನು ಸೋತು ಆಳಾದಾಗ ಶಬ್ದದ ಅರ್ಥವೂ ಅವನೊಡನೆ ಬಾಗಿತು. ಮಾರ್ಕ್‌ಗ್ರಾಫನ ಹೆಸರಿನಲ್ಲಿ ಎಲ್ಲೆ ಅಡಗಿರುವಂತೆ ನಮ್ಮ ಸಾಮಂತನ ಹೆಸರಿನಲ್ಲಿಯೂ ಎಲ್ಲೆಯೇ ಅಡಗಿದೆ.

ಈ ಎಲ್ಲೆಯ ಬಾಳು ಹೇಗಿತ್ತೆಂಬುದನ್ನು ತಿಳಿಯಬೇಕಾದರೆ ನಮ್ಮ ಹಳ್ಳಿಗಳ ಹೊರಬದಿಯಲ್ಲಿ ನಿಂತಿರುವ ವೀರಗಲ್ಲುಗಳನ್ನು ನೋಡಬೇಕು. ನೆರೆಯ ಸೀಮೆಯವರು ದನಗಳನ್ನು ಹೊಡೆದುಕೊಂಡು ಹೋಗುತ್ತಿದ್ದರು, ಅದೇ ‘ತುರುಗೋಳ್’. ಊರವನೊಬ್ಬನು ಬೆನ್ನಟ್ಟಿ ಹೋಗಿ, ದನಗಳನ್ನು ಬಿಡಿಸಿ, ತಾನು ಮಡಿಯುತ್ತಿದ್ದನು. ಅವನ ಮನೆಯವರಿಗೆ ಬಿಟ್ಟುಕೊಟ್ಟ ಭೂಮಿಗೆ ‘ನೆತ್ತರುಗೊಡಗೆ’ ಎಂದು ಹೆಸರು. ಕೆರೆ ಕಟ್ಟಿದವನಿಗೂ ಭೂಮಿ ಸಿಗುತ್ತಿತ್ತು, ಅದು ‘ಕಟ್ಟುಗೊಡಗೆ’. ಒಂದು ನೆತ್ತರಿಗೆ, ಒಂದು ನೀರಿಗೆ. ಎಲ್ಲೆಯ ಒಡೆಯನು ಈ ಎರಡು ಲೆಕ್ಕಗಳನ್ನೂ ಸರಿಯಾಗಿ ಇಟ್ಟರೆ ಅವನ ಮನೆತನ ನಿಲ್ಲುತ್ತಿತ್ತು. ನೆತ್ತರಿನ ಲೆಕ್ಕವೊಂದನ್ನೇ ಇಟ್ಟವನು ಬೇಗನೆ ಅಳಿಯುತ್ತಿದ್ದನು.

ತುಮಕೂರು ಜಿಲ್ಲೆಯ ಉತ್ತರದ ಅಂಚಿಗೆ ಹತ್ತಿಕೊಂಡಿರುವ ಹೇಮಾವತಿಯನ್ನು ನೋಡಿ. ಇಂದು ಅದು ಆಂಧ್ರಪ್ರದೇಶಕ್ಕೆ ಸೇರಿದೆ. ಹಿಂದೆ ಹೆಂಜೇರು ಎಂದು ಕರೆಸಿಕೊಂಡು, ನೊಳಂಬವಾಡಿ 32000ವನ್ನು ಆಳಿದ ನೊಳಂಬರ ರಾಜಧಾನಿಯಾಗಿದ್ದ ಊರದು. ಪಲ್ಲವ, ಗಂಗ, ರಾಷ್ಟ್ರಕೂಟರೆಂಬ ದೊಡ್ಡ ಮನೆತನಗಳ ನಡುವೆ ಸಿಕ್ಕಿಕೊಂಡು, ಒಮ್ಮೆ ಇವರಿಗೆ, ಒಮ್ಮೆ ಅವರಿಗೆ ತಲೆಬಾಗಿ, ಸಂದರ್ಭ ಬಂದಾಗ ತಲೆಯೆತ್ತಿ ಬಾಳಿದವರು ಅವರು. ಹತ್ತನೆಯ ಶತಮಾನದಲ್ಲಿ ಗಂಗರ ಮಾರಸಿಂಹನು ಅವರನ್ನು ಸೋಲಿಸಿ ‘ನೊಳಂಬಕುಲಾಂತಕ’ನೆಂಬ ಬಿರುದನ್ನು ಧರಿಸಿದನು. ನೊಳಂಬರ ಕುಲಕ್ಕೆ ಯಮನಂತೆ! ಆದರೆ ಕುಲ ಅಳಿಯಿತೆ? ಇಂದು ತುಮಕೂರು ಸೀಮೆಯಲ್ಲಿ ನೆಲೆಸಿರುವ ನೊಣಬರ ಹೆಸರು ನೊಳಂಬ ಎಂಬುದರಿಂದಲೇ ಬಂದಿತೆಂದು ವಿದ್ವಾಂಸರ ಮತ. ಅಂತಕನೆಂದು ಹೇಳಿಕೊಂಡವನ ಗಂಗವಂಶವು ಮುಂದಿನ ಕೆಲವೇ ದಶಕಗಳಲ್ಲಿ ಚೋಳರ ದಾಳಿಗೆ ತುತ್ತಾಯಿತು. ನೊಣಬರು ಈಗಲೂ ತೆಂಗು ಅಡಿಕೆ ಬೆಳೆಯುತ್ತಿದ್ದಾರೆ.

ಈಗ ಕೈದಾಳಕ್ಕೆ ಬರೋಣ. ತುಮಕೂರಿನಿಂದ ಕುಣಿಗಲಿನ ಕಡೆಗೆ ಹೊರಟವರಿಗೆ ಗೂಳೂರಿನ ಸಮೀಪದಲ್ಲಿ ಸಿಗುವ ಊರು ಇದು. ಜಕಣಾಚಾರಿಯು ಕಳೆದುಕೊಂಡ ಕೈಯನ್ನು ಇಲ್ಲಿ ಮರಳಿ ಪಡೆದನೆಂಬ ಕಥೆಯನ್ನು ನಮ್ಮ ಅಜ್ಜಿಯರು ಹೇಳಿ ಹೇಳಿ, ಚೆನ್ನಕೇಶವನ ಗುಡಿಯನ್ನು ಕಟ್ಟಿಸಿದವನು ಯಾರೆಂಬುದನ್ನು ಕೇಳುವ ವ್ಯವಧಾನವೇ ನಮಗಿಲ್ಲವಾಗಿದೆ. ಅವನ ಹೆಸರು ಗೂಳೆ ಬಾಚಿ. ಹೊಯ್ಸಳ ಒಂದನೆಯ ನರಸಿಂಹನ ಕೆಳಗೆ ಈ ಸೀಮೆಯನ್ನು ಆಳುತ್ತಿದ್ದ ಸಾಮಂತ; ಕಾಲ 1150ರ ಸುಮಾರು. ವಿಷ್ಣುವಿಗೊಂದು ಗುಡಿ, ಶಿವನಿಗೊಂದು ಗುಡಿ, ಜಿನನಿಗೊಂದು ಬಸದಿ ಎಂದು ಎಲ್ಲ ಸಮಯಗಳಿಗೂ ಅವನು ಕಟ್ಟಿಸಿಕೊಟ್ಟನು. ಇದು ಭಕ್ತಿಯೂ ಹೌದು, ಆಡಳಿತದ ಜಾಣ್ಮೆಯೂ ಹೌದು. ಎಲ್ಲೆಯಲ್ಲಿ ಕುಳಿತ ಸಣ್ಣ ಒಡೆಯನಿಗೆ ಪ್ರಜೆಗಳಲ್ಲಿ ಒಂದು ಪಂಗಡವನ್ನು ಎದುರು ಹಾಕಿಕೊಳ್ಳುವಷ್ಟು ಸಿರಿತನ ಇರುವುದಿಲ್ಲ. ಶಿಲ್ಪಿಯ ಕಥೆ ಜನರ ನಾಲಗೆಯ ಮೇಲೆ ಉಳಿಯಿತು, ಒಡೆಯನ ಹೆಸರು ಕಲ್ಲಿನಲ್ಲಿಯೇ ಉಳಿಯಿತು.

ಗೂಳೆ ಬಾಚಿಯು ಗುಡಿ ಕಟ್ಟಿಸುತ್ತಿದ್ದ ಆ ವರ್ಷಗಳಲ್ಲಿಯೇ ಜರ್ಮನಿಯ ಗಡಿಯಲ್ಲಿ ಏನಾಗುತ್ತಿತ್ತು? ‘ಕರಡಿ’ ಎಂಬ ಅಡ್ಡಹೆಸರಿನ ಆಲ್ಬ್ರೆಕ್ಟ್ ಎಂಬವನು 1134ರಲ್ಲಿ ಉತ್ತರದ ಗಡಿನಾಡಿಗೆ ಒಡೆಯನಾಗಿ, 1157ರಲ್ಲಿ ಬ್ರಾಂಡನ್‌ಬರ್ಗ್ ಕೋಟೆಯನ್ನು ಕೈವಶ ಮಾಡಿಕೊಂಡು, ಅದೇ ಊರಿನ ಹೆಸರಿನಿಂದ ಮಾರ್ಕ್‌ಗ್ರಾಫನೆನಿಸಿಕೊಂಡನು. ಆಗ್ನೇಯದ ಗಡಿಯಲ್ಲಿ ಬಾಬನ್‌ಬರ್ಗ್ ಮನೆತನದವರು 976ರಿಂದಲೂ ನೆಲೆನಿಂತಿದ್ದರು. 1156ರಲ್ಲಿ ಅವರ ಮಾರ್ಕ್ ಡ್ಯೂಕರ ಸೀಮೆಯಾಗಿ ಮೇಲೇರಿತು. ಅದೇ ಮುಂದಿನ ಆಸ್ಟ್ರಿಯ. ಆ ಮನೆತನದ ಕಡೆಯ ಗಂಡಸು 1246ರಲ್ಲಿ ಹಂಗೆರಿಯವರೊಡನೆ ಕಾದಾಡುತ್ತ ಗಡಿಯಲ್ಲಿಯೇ ಮಡಿದನು. ಈ ಮಾರ್ಕ್‌ಗ್ರಾಫರು ಪಶ್ಚಿಮದಿಂದ ಒಕ್ಕಲುಗಳನ್ನು ಕರೆತಂದು, ಮೊದಲ ಕೆಲವು ವರ್ಷ ಕಂದಾಯ ಬಿಟ್ಟು, ಕಾಡು ಕಡಿಸಿ, ಜೌಗು ಬಸಿದು, ಸಂತೆಯ ಪಟ್ಟಣಗಳನ್ನು ಕಟ್ಟಿಸಿದರು. ಮೊದಲಿನಿಂದ ಆ ನೆಲದಲ್ಲಿದ್ದ ಸ್ಲಾವ್ ಜನರಾದ ವೆಂಡರ ಮೇಲೆ ಅವರು ನಡೆಸಿದ ದಂಡಯಾತ್ರೆಗಳೂ ಅಷ್ಟೇ ನಿಜ. 1147ರ ದಂಡಯಾತ್ರೆಗೆ ಧರ್ಮಯುದ್ಧವೆಂಬ ಹೆಸರನ್ನೇ ಕೊಟ್ಟರು. ಆದುದರಿಂದ ಮಾರ್ಕ್‌ಗ್ರಾಫರು ನಮ್ಮ ಪಾಳೆಯಗಾರರಿಗಿಂತ ಸಾಧುಗಳಾಗಿದ್ದರೆಂದು ಯಾರೂ ಹೇಳುವಂತಿಲ್ಲ.

ಇನ್ನು ‘ಪಾಳೆಯಗಾರ’ ಎಂಬ ಶಬ್ದ. ಪಾಳೆಯವೆಂದರೆ ದಂಡು ಬೀಡುಬಿಟ್ಟ ನೆಲೆ. ಅದನ್ನು ಉಳ್ಳವನು ಪಾಳೆಯಗಾರ. ವಿಜಯನಗರದ ಅರಸರು ನಾಡನ್ನು ನಾಯಕರಿಗೆ ಹಂಚಿಕೊಟ್ಟರು. ಇಷ್ಟು ಕಾಲಾಳು, ಇಷ್ಟು ಕುದುರೆ ಸಿದ್ಧವಾಗಿಟ್ಟಿರಬೇಕು; ವರ್ಷಕ್ಕೊಮ್ಮೆ ಇಷ್ಟು ಹಣ ತಂದೊಪ್ಪಿಸಬೇಕು; ಉಳಿದದ್ದು ನಿನ್ನದು. 1535ರ ಸುಮಾರಿನಲ್ಲಿ ಬರೆದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನುನೀಜನು ಈ ಏರ್ಪಾಟನ್ನು ವಿವರವಾಗಿ ವರ್ಣಿಸಿದ್ದಾನೆ. ಅವನ ಕಣ್ಣಿಗೆ ಈ ನಾಯಕರೆಲ್ಲ ಅರಸನ ಗುತ್ತಿಗೆದಾರರಂತೆ ಕಂಡರು. ನೆಲವೆಲ್ಲ ಅರಸನದು, ಇವರು ಅವನಿಂದ ಹಿಡಿದವರು. ಆದರೆ ಗುತ್ತಿಗೆ ಹಿಡಿದವನು ಮೂರು ತಲೆಮಾರು ಅಲ್ಲಿಯೇ ಉಳಿದು, ಕೋಟೆ ಕಟ್ಟಿಸಿ, ದೇವರ ಜಾತ್ರೆ ನಡೆಸಿ, ಊರಿಗೆ ತನ್ನ ಹೆಸರಿಟ್ಟ ಮೇಲೆ ಅವನನ್ನು ಗುತ್ತಿಗೆದಾರ ಎನ್ನುವವರಾರು?

ನಮ್ಮ ಸೀಮೆಯ ಇಂಥ ಮನೆತನಗಳಲ್ಲಿ ಮೂರನ್ನು ನೋಡೋಣ. ಮೊದಲನೆಯದು ಗುಬ್ಬಿಯ ಹೊಸಹಳ್ಳಿಯ ಗೌಡರದು. ನೊಣಬ ಒಕ್ಕಲಿನ ಈ ಮನೆತನವು ತನ್ನ ಮೂಲಪುರುಷನೆಂದು ಹೇಳಿಕೊಂಡದ್ದು ಹೊನ್ನಪ್ಪಗೌಡನನ್ನು. ಗುಬ್ಬಿಯ ಪೇಟೆಯನ್ನು ಕಟ್ಟಿಸಿದವರು ಇವರೇ ಎಂಬುದು ಪರಂಪರೆ. ಟಿಪ್ಪು ಸುಲ್ತಾನನು ಮಡಿದ ಮರುವರ್ಷ, 1800ರಲ್ಲಿ, ಇಂಗ್ಲಿಷರ ಪರವಾಗಿ ನಾಡನ್ನೆಲ್ಲ ಸುತ್ತಿದ ಡಾಕ್ಟರ್ ಬುಕಾನನ್ ಗುಬ್ಬಿಗೂ ಬಂದನು. ಅವನು ಅಲ್ಲಿ ಕಂಡದ್ದು ಕೋಟೆಯ ಪ್ರತಾಪವನ್ನಲ್ಲ. ಅಡಿಕೆ, ಕೊಬ್ಬರಿ, ಬಟ್ಟೆಗಳು ನಾಡಿನ ಮೂಲೆಮೂಲೆಯಿಂದ ಬಂದು ಸೇರುವ ದೊಡ್ಡ ಸಂತೆಯನ್ನು. ಗೌಡರ ಅಧಿಕಾರ ಮೈಸೂರಿಗೆ ಕಪ್ಪ ಕೊಡುವ ಮಟ್ಟಕ್ಕಿಳಿದು, ಹೈದರ್–ಟಿಪ್ಪುಗಳ ಕಾಲಕ್ಕೆ ಅದೂ ಮುಗಿದಿತ್ತು. ಸಂತೆ ಮಾತ್ರ ಮುಗಿದಿರಲಿಲ್ಲ.

ಎರಡನೆಯದು ಗುಬ್ಬಿ ತಾಲ್ಲೂಕಿನ ವಾಯವ್ಯ ಮೂಲೆಯ ಹಾಗಲವಾಡಿಯ ನಾಯಕರದು. ಒಂದು ಕಡೆ ಚಿತ್ರದುರ್ಗದ ನಾಯಕರು, ಇನ್ನೊಂದು ಕಡೆ ಸಿರಾದಲ್ಲಿ ಕುಳಿತ ಮೊಗಲ ಅಧಿಕಾರಿಗಳು, ಕೆಳಗಿನಿಂದ ಮೇಲೇರಿ ಬರುತ್ತಿದ್ದ ಮೈಸೂರು—ಇಂಥ ಮೂರು ಬೆಂಕಿಗಳ ನಡುವೆ ಬಾಳಿದ ಮನೆತನ ಇದು. ಇವರ ಪೈಕಿ ಚಿಕ್ಕನಾಯಕನೆಂಬವನು ಕಟ್ಟಿಸಿದ ಊರೇ ಚಿಕ್ಕನಾಯಕನಹಳ್ಳಿ. ತಿಪಟೂರಿನ ಕಡೆಗೆ ಹೋಗುವ ಬಸ್ಸಿನಲ್ಲಿ ಕುಳಿತು ಆ ಊರಿಗೆ ಟಿಕೆಟು ಕೇಳುವಾಗ, ಸಂದುಹೋದ ಒಬ್ಬ ಪಾಳೆಯಗಾರನ ಹೆಸರನ್ನು ಉಚ್ಚರಿಸುತ್ತಿದ್ದೇವೆಂಬುದು ನಮಗೆ ನೆನಪಾಗುವುದಿಲ್ಲ. ಹೈದರನ ಕಾಲದಲ್ಲಿ ಹಾಗಲವಾಡಿಯ ಅಧಿಕಾರವೂ ಮೈಸೂರಿನಲ್ಲಿ ಕರಗಿತು.

ಮೂರನೆಯದು ಎಲ್ಲರಿಗೂ ಪರಿಚಿತವಾದ ಯಲಹಂಕ ನಾಡಪ್ರಭುಗಳ ಮನೆತನ. 1537ರಲ್ಲಿ ಬೆಂಗಳೂರನ್ನು ಕಟ್ಟಿಸಿದ ಕೆಂಪೇಗೌಡರ ಹೆಸರನ್ನು ಈಗ ವಿಮಾನನಿಲ್ದಾಣವೇ ಹೊತ್ತಿದೆ. ಆದರೆ ಕುಣಿಗಲು ಸೀಮೆಯವರಿಗೆ ಆ ಮನೆತನದ ಗುರುತು ಬೇರೆ: ಹುತ್ರಿದುರ್ಗ, ಹುಲಿಯೂರುದುರ್ಗ. ಬೆಂಗಳೂರು, ಮಾಗಡಿಗಳನ್ನು ಪಶ್ಚಿಮದಿಂದ ಕಾಯುವ ಬಂಡೆಗಳು ಇವು. ಎಂದರೆ ಆ ಪುಟ್ಟ ರಾಜ್ಯದ ‘ಮಾರ್ಕ್’. ಎಲ್ಲೆಗಾವಲಿಗೆ ನೇಮಕವಾದ ಮನೆತನ ತಾನೇ ಬೇರೊಂದು ಎಲ್ಲೆಗಾವಲನ್ನು ಇಟ್ಟುಕೊಳ್ಳುವಷ್ಟು ಬೆಳೆದಿತ್ತು. ಕೆಂಪೇಗೌಡರು ಭೈರೇದೇವರ ಹೆಸರಿನ ನಾಣ್ಯವನ್ನು ತಾವೇ ಹೊಡೆಸಿದ್ದಕ್ಕಾಗಿ ವಿಜಯನಗರದ ಅರಸರ ಕೋಪಕ್ಕೆ ಗುರಿಯಾಗಿ, ಆನೆಗೊಂದಿಯಲ್ಲಿ ಐದು ವರ್ಷ ಸೆರೆಯಲ್ಲಿದ್ದರೆಂದು ಪ್ರತೀತಿ. ಒಂದು ಸಣ್ಣ ನಾಣ್ಯಕ್ಕಾಗಿ ಅಷ್ಟು ಕೋಪವೇ ಎಂದರೆ, ಹೌದು. ಕೋಟೆ ಕಟ್ಟಿದರೆ ಅರಸನಿಗಾಗಿ ಎನ್ನಬಹುದು, ಕೆರೆ ಕಟ್ಟಿದರೆ ಪ್ರಜೆಗಳಿಗಾಗಿ ಎನ್ನಬಹುದು. ಟಂಕಸಾಲೆಯನ್ನಿಟ್ಟವನು ನಾನು ಯಾರ ಆಳೂ ಅಲ್ಲವೆಂದು ಹೇಳಿದಂತೆಯೇ ಸರಿ. ಬ್ರಾಂಡನ್‌ಬರ್ಗಿನ ಆಲ್ಬ್ರೆಕ್ಟನೂ ತನ್ನ ಹೆಸರಿನ ಬೆಳ್ಳಿ ನಾಣ್ಯವನ್ನು ಹೊಡೆಸಿದನು. ಅವನನ್ನು ಯಾರೂ ಸೆರೆಗೆ ಹಾಕಲಿಲ್ಲ. ಅಲ್ಲಿಯ ಚಕ್ರವರ್ತಿಗೆ ಅಷ್ಟು ಕೈಬಲವಿರಲಿಲ್ಲ; ಇಲ್ಲಿಯ ರಾಯರಿಗೆ ಇತ್ತು.

ಆ ಕೈಬಲವು 1565ರ ರಕ್ಕಸತಂಗಡಿಯ ಕಾಳಗದಲ್ಲಿ ಮುರಿಯಿತು. ಆಗ ನೋಡಿ ನಮ್ಮ ಎಲ್ಲೆಯ ಮನೆತನಗಳಿಗೆ ನಿಜವಾದ ಪರೀಕ್ಷೆ ಬಂದದ್ದು. ಕಾಯಬೇಕಾಗಿದ್ದ ಸಾಮ್ರಾಜ್ಯವೇ ಕುಸಿದ ಮೇಲೆ ಕಾವಲುಗಾರನು ಯಾರಿಗಾಗಿ ಕಾಯಬೇಕು? 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನನ ದಂಡು ಸಿರಾವನ್ನೂ ಬೆಂಗಳೂರನ್ನೂ ಹಿಡಿಯಿತು. ಕೆಂಪೇಗೌಡರ ವಂಶದವರು ಮಾಗಡಿಗೆ ಸರಿದರು. 1687ರಲ್ಲಿ ಮೊಗಲರು ಬಂದು ಸಿರಾವನ್ನು ಒಂದು ಪ್ರಾಂತದ ರಾಜಧಾನಿಯಾಗಿ ಮಾಡಿಕೊಂಡರು. ಆಮೇಲೆ ಮರಾಠರು. ಬಂದವರಿಗೆಲ್ಲ ಕಪ್ಪ ಬೇಕು. ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರಿಗೆ ದ್ರೋಹ, ಕೊಡದಿದ್ದರೆ ಊರಿಗೆ ಬೆಂಕಿ. ಕಪ್ಪದ ಹಣ ಬರುವುದೆಲ್ಲಿಂದ? ಒಕ್ಕಲಿಗನ ಕಣಜದಿಂದ. ಪಾಳೆಯಗಾರನು ಕ್ರೂರಿಯೆಂಬ ಅಪವಾದದ ಬೇರು ಬಹುಮಟ್ಟಿಗೆ ಈ ಇನ್ನೂರು ವರ್ಷಗಳಲ್ಲಿದೆ. ಅಪವಾದವೆಲ್ಲ ಸುಳ್ಳೆಂದು ನಾನು ಹೇಳುವುದಿಲ್ಲ. ನೆರೆಯವನ ಪೈರಿಗೆ ಬೆಂಕಿಯಿಟ್ಟವರು, ದಾಯಾದಿಗಳನ್ನು ಕೊಲ್ಲಿಸಿದವರು, ಸುಂಕದ ಕಟ್ಟೆಗಳಲ್ಲಿ ವರ್ತಕರನ್ನು ಹಿಂಡಿದವರು ಅವರಲ್ಲಿ ಇದ್ದರು. ಆದರೆ ಅದೇ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದವರನ್ನು ನಾವು ಚಕ್ರವರ್ತಿಗಳೆಂದು ಕರೆದು ಮಕ್ಕಳಿಗೆ ಪಾಠ ಹೇಳಿಕೊಡುತ್ತೇವೆ.

ಈ ಗೊಂದಲದಲ್ಲಿ ಒಂದು ಮನೆತನ ಮಾತ್ರ ಮೇಲೆ ಬಂದಿತು. ಅದು ಮೈಸೂರಿನ ಒಡೆಯರದು. ಪರಂಪರೆಯ ಪ್ರಕಾರ 1399ರಲ್ಲಿ ಯದುರಾಯನಿಂದ ಆರಂಭವಾದ ಆ ಮನೆತನವೂ ಮೊದಲಿಗೆ ಕೆಲವೇ ಹಳ್ಳಿಗಳ ಒಡೆತನದ್ದು. ವಿಜಯನಗರದ ಪ್ರತಿನಿಧಿಗೆ ಶ್ರೀರಂಗಪಟ್ಟಣದಲ್ಲಿ ಕೈಮುಗಿದು ನಿಲ್ಲುತ್ತಿದ್ದದ್ದು. 1610ರಲ್ಲಿ ರಾಜ ಒಡೆಯರು ಆ ಪಟ್ಟಣವನ್ನೇ ಹಿಡಿದರು. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ತುಮಕೂರು ಸೀಮೆಯ ದುರ್ಗಗಳು ಒಂದೊಂದಾಗಿ ಮೈಸೂರಿನ ಕೈಸೇರಿದವು. 1678ರಲ್ಲಿ ಮಧುಗಿರಿ ಬಿದ್ದಿತು. ಜಡಕನೆಂಬ ನಾಯಕನ ಹೆಸರಿನಲ್ಲಿದ್ದ ಜಡಕನದುರ್ಗವು ದೇವರಾಯನದುರ್ಗವಾಯಿತು. ಭಾನುವಾರಗಳಂದು ಬುತ್ತಿ ಕಟ್ಟಿಕೊಂಡು ಅಲ್ಲಿಗೆ ಹೋಗಿ ನಾಮದ ಚಿಲುಮೆಯ ನೀರು ಕುಡಿದು ಬರುವ ಕುಟುಂಬಗಳಲ್ಲಿ ಜಡಕನನ್ನು ನೆನೆಯುವವರೆಷ್ಟು ಮಂದಿ? 1728ರಲ್ಲಿ ಮಾಗಡಿಯೂ ಬಿದ್ದು, ಕಡೆಯ ಕೆಂಪೇಗೌಡರು ಶ್ರೀರಂಗಪಟ್ಟಣದ ಸೆರೆ ಸೇರಿದರು. ಹುತ್ರಿದುರ್ಗದ ಮೇಲೆ ಮುಂದೆ ಹಾರಿದ್ದು ಮೈಸೂರಿನ ಬಾವುಟ. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ದಂಡು ಸಾವನದುರ್ಗದ ಬೆನ್ನಿಗೇ ಅದನ್ನೂ ಹಿಡಿಯಿತು.

ಮೊದಲು ಕೇಳಿದ ಪ್ರಶ್ನೆಗೆ ಈಗ ಉತ್ತರ ಕೊಡಬಹುದು. ಬ್ರಾಂಡನ್‌ಬರ್ಗಿನ ಗಡಿನಾಡು ಆಲ್ಬ್ರೆಕ್ಟನ ವಂಶ ಮುಗಿದ ಮೇಲೆ ಕೈಯಿಂದ ಕೈಗೆ ದಾಟಿ, 1415ರಲ್ಲಿ ಹೊಹೆನ್‌ಜೊಲರ್ನ್ ಮನೆತನದ ಕೈಗೆ ಬಂದಿತು. ನಮ್ಮ ಯದುರಾಯನಿಗೂ ಆ ವರ್ಷಕ್ಕೂ ಹದಿನಾರೇ ವರ್ಷದ ಅಂತರ. ಆ ಮಾರ್ಕ್‌ಗ್ರಾಫರ ಮಕ್ಕಳು 1701ರಲ್ಲಿ ಪ್ರಷ್ಯದ ಅರಸರಾದರು, 1871ರಲ್ಲಿ ಜರ್ಮನಿಯ ಚಕ್ರವರ್ತಿಗಳಾದರು. ಚಕ್ರವರ್ತಿಯ ಮನೆಯಲ್ಲಿ ಹುಟ್ಟಿದ ಹೆಸರನ್ನು ಬೈಗುಳವಾಗಿ ಬಳಸುವ ಧೈರ್ಯ ಯಾರಿಗಿದೆ? ಗಡಿಕಾವಲಿನ ಹೆಸರು ಅಲ್ಲಿ ಗೆದ್ದವರ ಹೆಸರಾಯಿತು. ನಮ್ಮಲ್ಲಿ ಗೆದ್ದ ಮನೆತನ ‘ಒಡೆಯರ್’ ಎಂಬ ಹೆಸರನ್ನು ತನ್ನದಾಗಿಸಿಕೊಂಡು ಮಹಾರಾಜ ಪದವಿಗೇರಿತು. ‘ಪಾಳೆಯಗಾರ’ ಎಂಬುದು ಸೋತವರ ಪಾಲಿಗೆ ಉಳಿಯಿತು. ಇಂಗ್ಲಿಷರು ಅದನ್ನು ‘ಪಾಲಿಗಾರ್’ ಎಂದು ತಿರುಚಿ, ಕಾನೂನಿಗೆ ಒಗ್ಗದ ದಂಗೆಕೋರ ಎಂಬ ಬಣ್ಣ ಬಳಿದರು. 1830–31ರ ನಗರದ ದಂಗೆಯಲ್ಲಿ ತರೀಕೆರೆಯ ಪಾಳೆಯಗಾರರ ಮನೆತನದವರು ತಲೆಯೆತ್ತಿದಾಗಲಂತೂ ಆ ಬಣ್ಣ ಗಟ್ಟಿಯಾಗಿ ಹಿಡಿಯಿತು. ವೃತ್ತಿ ಒಂದೇ, ಗುಣದೋಷಗಳೂ ಒಂದೇ. ಬೇರೆಯಾದದ್ದು ಫಲಿತಾಂಶ ಮಾತ್ರ. ಶಬ್ದಗಳಿಗೂ ಜಾತಕವುಂಟು. ಅದನ್ನು ಬರೆಯುವವರು ಗೆದ್ದವರು.

ಹಾಗೆಂದು ಗೆದ್ದವರೂ ಶಾಶ್ವತವಾಗಿ ನಿಂತರೆ? 1918ರಲ್ಲಿ ಹೊಹೆನ್‌ಜೊಲರ್ನರ ಸಿಂಹಾಸನ ಉರುಳಿತು. ಮರುವರ್ಷದ ಸಂವಿಧಾನದಲ್ಲಿ ಜರ್ಮನಿಯ ಶ್ರೀಮಂತ ಮನೆತನಗಳ ವಿಶೇಷಾಧಿಕಾರಗಳೆಲ್ಲ ರದ್ದಾಗಿ, ಬಿರುದುಗಳು ಬರಿಯ ಹೆಸರಿನ ಭಾಗವಾಗಿ ಉಳಿದವು. ನಮ್ಮಲ್ಲಿ 1947ರಲ್ಲಿ ಮೈಸೂರು ಭಾರತಕ್ಕೆ ಸೇರಿತು. 1971ರಲ್ಲಿ ಅರಸರ ಗೌರವಧನವೂ ಪದವಿಯೂ ಸಂವಿಧಾನದ ತಿದ್ದುಪಡಿಯಿಂದ ಕೊನೆಗೊಂಡವು. ಪಾಳೆಯಗಾರನನ್ನು ನುಂಗಿದ ಮಹಾರಾಜನನ್ನೂ ಕಾಲವು ನುಂಗಿತು.

ಎಲ್ಲೆಗಳ ಗತಿಯೂ ಅಷ್ಟೆ. ಗುಬ್ಬಿಯ ಗೌಡರ ಸೀಮೆ ಎಲ್ಲಿ ಮುಗಿದು ಹಾಗಲವಾಡಿಯ ನಾಯಕರ ಸೀಮೆ ಎಲ್ಲಿ ಆರಂಭವಾಗುತ್ತಿತ್ತೆಂದು ಇಂದು ಹೊಲ ಉಳುವ ರೈತನಿಗೆ ಗೊತ್ತಿಲ್ಲ. ಆ ಗೆರೆಗಾಗಿ ಸತ್ತವರ ಕಲ್ಲುಗಳಿಗೆ ಅರಿಸಿನ ಕುಂಕುಮ ಹಚ್ಚಿ, ಯಾವುದೋ ದೇವರೆಂದು ನಮ್ಮ ಹೆಣ್ಣುಮಕ್ಕಳು ಕೈಮುಗಿಯುತ್ತಾರೆ. ಆದರೆ ಗುಬ್ಬಿಯ ಪೇಟೆಯಿದೆ, ಚಿಕ್ಕನಾಯಕನಹಳ್ಳಿಯಿದೆ, ಕೈದಾಳದ ಕೇಶವನು ನಿಂತಿದ್ದಾನೆ, ಕಡಬದ ಕೆರೆಗೆ ಮಳೆಗಾಲದಲ್ಲಿ ನೀರು ಬರುತ್ತದೆ. ನೆತ್ತರುಗೊಡಗೆ, ಕಟ್ಟುಗೊಡಗೆ ಎಂಬ ಎರಡು ಲೆಕ್ಕಗಳನ್ನು ಮೇಲೆ ಹೇಳಿದೆನಷ್ಟೆ. ಮೊದಲನೆಯದು ಸಂದುಹೋಗಿದೆ. ಎರಡನೆಯದರ ಫಲವನ್ನು ನಾವು ಇನ್ನೂ ಉಣ್ಣುತ್ತಿದ್ದೇವೆ.

ಆದುದರಿಂದ ಮುಂದಿನ ಸಲ ಮಗನು “ಇದೇನು ಪಾಳೆಯಗಾರಿಕೆ!” ಎಂದು ಗೊಣಗಿದಾಗ ತಂದೆಯಾದವರು ಕೋಪಿಸಿಕೊಳ್ಳಬೇಕಾಗಿಲ್ಲ. ಒಂದು ರಜೆಯ ದಿನ ಅವನನ್ನು ಕರೆದುಕೊಂಡು ಹುತ್ರಿದುರ್ಗದ ಮೆಟ್ಟಿಲು ಹತ್ತಲಿ. ಮೇಲಿನ ಬಂಡೆಯ ಮೇಲೆ ಕುಳಿತು ಸುತ್ತಲಿನ ಕೆರೆಗಳನ್ನು ತೋರಿಸಿ, ಪಾಳೆಯಗಾರಿಕೆಯೆಂದರೆ ಗದರಿಸುವುದಷ್ಟೇ ಅಲ್ಲ, ತನ್ನ ಎಲ್ಲೆಯೊಳಗಿನವರನ್ನು ಕಾಯುವುದೂ ಹೌದೆಂದು ಹೇಳಲಿ. ಆ ಎರಡನೆಯ ಭಾಗವನ್ನು ತಾವು ಮನೆಯಲ್ಲಿ ಎಷ್ಟರಮಟ್ಟಿಗೆ ನಡೆಸಿಕೊಂಡು ಬಂದಿದ್ದೇವೆಂಬುದನ್ನು ಬೆಟ್ಟ ಇಳಿಯುವಾಗ ತಂದೆಯೂ ಸ್ವಲ್ಪ ಯೋಚಿಸಬಹುದು.